ಶಿವರಾತ್ರಿ ಕಳೆಯಿತು, ಮಳೆಗಾಲದ ತಯಾರಿ ಶುರು ಮಾಡಿ

ಶಿವರಾತ್ರಿ ಮುಗಿದ ಮಾರನೇ ದಿನ ನಾನು ಮೊದಲು ಹೋಗಿ ನೋಡುವುದು ಸೌದೆ ಕೊಟ್ಟಿಗೆ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಮಳೆಗೆ ಇನ್ನೂ ಮೂರು ತಿಂಗಳಿದೆ, ಈಗ್ಯಾಕೆ ಅವಸರ ಅಂತ ಮನೆಯಲ್ಲಿ ಕೇಳುತ್ತಾರೆ. ಮಲೆನಾಡಿನ ಸಾಗರ ಊರಿನ ಕಡೆ ಹಳ್ಳಿಯಲ್ಲಿ ಐವತ್ತು ಮಳೆಗಾಲ ಕಳೆದ ಮೇಲೆ ನಾನು ಹೇಳುವುದು ಒಂದೇ. ಮಳೆ ಬಂದ ಮೇಲೆ ಮಳೆಗಾಲದ ಕೆಲಸ ಮಾಡಲು ಹೊರಟರೆ ಮಳೆಯನ್ನು ಬೈಯುತ್ತಲೇ ನಾಲ್ಕು ತಿಂಗಳು ಹೋಗುತ್ತದೆ. ಬೇಸಿಗೆಯಲ್ಲೇ ಮಾಡಿಟ್ಟವರು ಜಗಲಿಯಲ್ಲಿ ಕೂತು ಮಳೆ ನೋಡುತ್ತಾರೆ.

ಈಗೀಗ ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬಂದ ಮಕ್ಕಳು ನಮ್ಮ ಸುತ್ತಮುತ್ತ ಜಾಸ್ತಿ ಆಗಿದ್ದಾರೆ. ನನಗೆ ಅದು ತುಂಬಾ ಸಂತೋಷ. ಆದರೆ ಜೂನ್‌ನಲ್ಲಿ ಮಳೆಯ ಫೋಟೋ ತೆಗೆದವರೇ ಆಷಾಢದ ಹೊತ್ತಿಗೆ ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ಬಟ್ಟೆ ಒಣಗುತ್ತಿಲ್ಲ ಅಮ್ಮಾ, ಒಲೆ ಹತ್ತುತ್ತಿಲ್ಲ ಅಮ್ಮಾ, ಬೇಳೆಯಲ್ಲೆಲ್ಲ ಹುಳ, ಕರೆಂಟು ಹೋಗಿ ಮೂರು ದಿನ ಆಯ್ತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನೂ ಹಾಗೇ ಬಂದವಳು. ನನ್ನ ತವರು ದಾವಣಗೆರೆ ಕಡೆ, ಬಯಲುಸೀಮೆ. ಅಲ್ಲಿ ಸೌದೆ ವರ್ಷವಿಡೀ ಹಿತ್ತಲಲ್ಲೇ ಬಿದ್ದಿರುತ್ತಿತ್ತು. 1976ರ ಮೇ ತಿಂಗಳಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಮೃಗಶಿರ ನಕ್ಷತ್ರದ ಮಳೆ ಹಿಡಿಯಿತು. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಅಂತ ಕಾಯುತ್ತಾ ಒದ್ದೆ ಸೀರೆಗಳನ್ನು ಬಕೆಟ್ಟಿನಲ್ಲೇ ಇಟ್ಟಿದ್ದೆ. ಆರಿದ್ರೆ ಬಂತು, ಪುನರ್ವಸು ಬಂತು. ಸೀರೆಗೆಲ್ಲ ಕಪ್ಪು ಚುಕ್ಕೆ ಬಿದ್ದು ಹಾಳಾದವು. ಅವತ್ತು ನಾನು ಅತ್ತಿದ್ದನ್ನು ನೋಡಿ ನಮ್ಮ ಅತ್ತೆ ಬೈಯಲಿಲ್ಲ. ಒಲೆ ಮುಂದೆ ಕೂರಿಸಿ, ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟು, ಕಾಯಿ ಚೂರು ಕೈಗಿಟ್ಟು, ಬರುವ ವರ್ಷ ನನ್ನ ಜೊತೆ ಇರು, ಎಲ್ಲ ತೋರಿಸುತ್ತೇನೆ ಅಂದರು. ನಾನು ಕಲಿತದ್ದೆಲ್ಲ ಅವರಿಂದಲೇ.

ಮೊದಲು ಸೌದೆ. ಗ್ಯಾಸ್ ಇದೆಯಲ್ಲ ಅನ್ನಬೇಡಿ, ಮಳೆಗಾಲದಲ್ಲಿ ಬಚ್ಚಲ ಒಲೆ ಉರಿಯದ ಮನೆಯಲ್ಲಿ ಶೀತ ಬಿಡುವುದೇ ಇಲ್ಲ. ಬಿಸಿನೀರು ಮಾತ್ರ ಅಲ್ಲ, ಬಟ್ಟೆ ಒಣಗುವುದೂ ಅಲ್ಲೇ, ಬೀಜ ಉಳಿಯುವುದೂ ಆ ಹೊಗೆಯಲ್ಲೇ. ಸೌದೆಯನ್ನು ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಸೀಳಿ ಹರಡಿ. ಸೀಳದ ದಿಮ್ಮಿ ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿದು ನೋಡಿ, ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ಒಟ್ಟುವಾಗ ನೆಲದ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ಕಲ್ಲು ಹಾಕಿ ಎತ್ತರಿಸಿ, ಇಲ್ಲದಿದ್ದರೆ ಗೆದ್ದಲಿಗೆ ಊಟ ಹಾಕಿದಂತೆ. ಗೋಡೆಗೂ ಸೌದೆಗೂ ನಡುವೆ ಒಂದು ಗೇಣು ಜಾಗ ಬಿಡಿ, ಗಾಳಿ ಆಡಲಿ. ಒಲೆ ಹತ್ತಿಸಲು ಬೇಕಾಗುವ ತೆಂಗಿನ ಸೋಗೆ, ಅಡಕೆ ಸಿಪ್ಪೆ, ಕಾಯಿ ಚಿಪ್ಪು ಇವನ್ನೆಲ್ಲ ಬೇರೆಯಾಗಿ, ಕೈಗೆ ಸಿಗುವ ಹಾಗೆ ಬಾಗಿಲ ಹತ್ತಿರ ಇಡಿ. ಮಳೆಗಾಲದಲ್ಲಿ ಬೆಳಿಗ್ಗೆ ಐದೂವರೆಗೆ ಕತ್ತಲಲ್ಲಿ ಒಲೆ ಹತ್ತಿಸುವವರಿಗೆ ಇದರ ಬೆಲೆ ಗೊತ್ತು. ಬೆಂಕಿಪೊಟ್ಟಣ ಒಂದು ಸಣ್ಣ ಡಬ್ಬಿಯಲ್ಲಿ, ಜೊತೆಗೆ ಒಂದು ಹಿಡಿ ಅಕ್ಕಿ ಹಾಕಿ. ತೇವ ಅಕ್ಕಿ ಎಳೆದುಕೊಳ್ಳುತ್ತದೆ.

ಹಂಚಿನ ಮನೆ ಆದರೆ ಮೇ ಮೊದಲ ವಾರದೊಳಗೆ ಹಂಚು ಕೈಯಾಡಿಸಿ ಆಗಬೇಕು. ಮಂಗ ಓಡಾಡಿ ಸರಿದ ಒಂದೇ ಹಂಚು ಸಾಕು, ಅಟ್ಟದ ಮೇಲಿನ ಅಡಕೆ ಚೀಲ ಕೊಳೆಯುತ್ತದೆ. ನೀರು ಹರಿಯುವ ಜಾಗದಲ್ಲಿ ತರಗೆಲೆ ತುಂಬಿದ್ದರೆ ತೆಗೆಸಿ. ಮಣ್ಣಿನ ಗೋಡೆಗೆ ಇರಚಲು ಹೊಡೆಯುವ ಕಡೆ ಸೋಗೆಯ ತಟ್ಟಿ ಕಟ್ಟಿ. ಅಂಗಳದಲ್ಲಿ ಬಾಗಿಲಿನಿಂದ ಕೊಟ್ಟಿಗೆವರೆಗೆ ಅಡಕೆ ಮರ ಸೀಳಿದ ದಬ್ಬೆ ಹಾಸಿ ದಾರಿ ಮಾಡಿಕೊಳ್ಳಿ, ಹಾವಸೆ ಮೇಲೆ ಕಾಲು ಜಾರಿ ಸೊಂಟ ಮುರಿದುಕೊಂಡ ವಯಸ್ಸಾದವರನ್ನು ನಾನು ತುಂಬಾ ನೋಡಿದ್ದೇನೆ. ಬಾವಿ ಹೂಳು ತೆಗೆಸುವುದಿದ್ದರೂ ಈಗಲೇ, ನೀರು ತಳ ಕಂಡಾಗ. ಹೊಸ ಮಳೆ ನೀರು ಬಾವಿಗೆ ಇಳಿದಾಗ ಕುದಿಸದೆ ಕುಡಿಯಬೇಡಿ.

ಇನ್ನು ಅಡುಗೆಮನೆ. ಇದನ್ನು ಹೇಳಲು ನನಗೆ ಎಷ್ಟು ಜಾಗ ಇದ್ದರೂ ಸಾಲದು.

ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಅಪ್ಪೆಮಿಡಿ, ಬರುವುದು ಈಗಲೇ. ಶರಾವತಿ, ಅಘನಾಶಿನಿ ಹೊಳೆ ಬದಿಯ ಮರಗಳ ಮಿಡಿಗೆ ಇರುವ ಪರಿಮಳ ಬೇರೆ ಯಾವ ಮಾವಿಗೂ ಇಲ್ಲ. ಅದರಲ್ಲೂ ಜೀರಿಗೆ ಮಿಡಿ ಸಿಕ್ಕಿದರೆ ಬಿಡಬೇಡಿ. ತೊಟ್ಟು ಮುರಿದರೆ ಮೂಗಿಗೆ ಜೀರಿಗೆ ವಾಸನೆ ಬರುತ್ತದೆ. ಕೊಳ್ಳುವಾಗ ತೊಟ್ಟು ಇರುವುದನ್ನೇ ಆರಿಸಿ. ಕೆಳಗೆ ಬಿದ್ದು ಪೆಟ್ಟು ತಿಂದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಳೆದು, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ನೆರಳಲ್ಲಿ ಪೂರ್ತಿ ಆರಿಸಿ. ನಮ್ಮ ಮನೆಯ ಅಳತೆ ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು. ಪುಡಿ ಉಪ್ಪು ಬೇಡ. ಒಂದು ಪದರ ಉಪ್ಪು, ಒಂದು ಪದರ ಮಿಡಿ, ಮೇಲೆ ಮತ್ತೆ ಉಪ್ಪು, ಭಾರಕ್ಕೆ ಒಂದು ತೊಳೆದ ಕಲ್ಲು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಿ. ಹದಿನೈದು ದಿನದಲ್ಲಿ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣ್ಣಗೆ ಮಾಡಿ. ಬ್ಯಾಡಗಿ ಮೆಣಸು, ಸಾಸಿವೆ, ಅರಿಶಿನವನ್ನು ಅದೇ ನೀರಲ್ಲಿ ರುಬ್ಬಿ ಬೆರೆಸಿ. ಬೇರೆ ನೀರು ಒಂದು ಹನಿ ಸೇರಬಾರದು. ಭರಣಿ ತುಂಬಿದ ಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿ ಇಡಿ, ದಿನಾ ತೆಗೆಯಲು ಒಂದು ಸಣ್ಣ ಜಾಡಿ ಬೇರೆ ಮಾಡಿಕೊಳ್ಳಿ. ನನ್ನ ಎರಡನೇ ವರ್ಷದ ಉಪ್ಪಿನಕಾಯಿ ಬೂಸ್ಟು ಹಿಡಿದದ್ದು ಒಂದೇ ಒಂದು ಒದ್ದೆ ಚಮಚದಿಂದ. ಇಡೀ ಭರಣಿಯನ್ನು ತೆಂಗಿನ ಬುಡಕ್ಕೆ ಸುರಿದೆ.

ಹಲಸು ಏಪ್ರಿಲ್ ಕೊನೆಗೆ ಹದಕ್ಕೆ ಬರುತ್ತದೆ. ಹಪ್ಪಳಕ್ಕೆ ಬೇಕಾದದ್ದು ಪೂರ್ತಿ ಬೆಳೆದ, ಆದರೆ ಇನ್ನೂ ಹಣ್ಣಾಗದ ಕಾಯಿ. ಸಿಹಿ ಹತ್ತಿದರೆ ಹಪ್ಪಳ ಕರಿದಾಗ ಕಪ್ಪಾಗುತ್ತದೆ. ಹಲಸಿನ ತೊಳೆಗಳನ್ನು ಬೇಯಿಸಿ ಬಿಸಿ ಇರುವಾಗಲೇ ಕುಟ್ಟಬೇಕು, ತಣ್ಣಗಾದರೆ ನಾರು ನಾರಾಗಿ ಉಳಿಯುತ್ತದೆ. ಮೆಣಸು, ಉಪ್ಪು, ಕೊತ್ತಂಬರಿ ಸೇರಿಸಿ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಹಾಳೆ ನಡುವೆ ಒತ್ತಿ, ಚಾಪೆ ಮೇಲೆ ಹಾಕಿ. ಒಬ್ಬರೇ ಮಾಡುವ ಕೆಲಸ ಇದಲ್ಲ. ಅಕ್ಕಪಕ್ಕದ ಮನೆಯವರನ್ನು ಕರೆಯಿರಿ, ಇವತ್ತು ನಮ್ಮನೆ, ನಾಡಿದ್ದು ನಿಮ್ಮನೆ. ಮಕ್ಕಳಿಗೆ ಕಾಗೆ ಓಡಿಸುವ ಕೆಲಸ ಕೊಡಿ, ಕೂಲಿಗೆ ಹಸಿ ಹಿಟ್ಟಿನ ಉಂಡೆ, ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ. ಮೂರು ಬಿಸಿಲು ಕಂಡ ಮೇಲೆ ಮುರಿದರೆ ಟಕ್ ಅನ್ನಬೇಕು. ಹಾಗಾದರೆ ಮಾತ್ರ ಡಬ್ಬಿಗೆ ಹಾಕಿ. ಉಳಿದ ತೊಳೆಯನ್ನು ಉಪ್ಪುನೀರಲ್ಲಿ ಹಾಕಿಟ್ಟರೆ ಮಳೆಗಾಲದಲ್ಲಿ ತರಕಾರಿ ಸಿಗದ ದಿನ ಪಲ್ಯಕ್ಕೆ ಆಯಿತು.

ಬೇಳೆಕಾಳಿನ ವಿಷಯದಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಬಿಸಿಲಿಗೆ ಹಾಕುತ್ತಾರೆ, ಸಂಜೆ ಬಿಸಿ ಬಿಸಿಯಾಗಿಯೇ ಡಬ್ಬಿಗೆ ತುಂಬುತ್ತಾರೆ. ಒಳಗೆ ಬೆವರು ಬರುತ್ತದೆ, ಆಮೇಲೆ ಹುಳ ಬಂತು ಅಂತ ಅಂಗಡಿಯವರನ್ನು ಬೈಯುತ್ತಾರೆ. ರಾತ್ರಿ ಒಳಗೆ ಹರಡಿ ತಣ್ಣಗೆ ಮಾಡಿ, ಬೆಳಿಗ್ಗೆ ತುಂಬಿ. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿ. ಹೆಸರು, ಹುರುಳಿಗೆ ಒಣಗಿದ ಬೇವಿನ ಎಲೆ ಅಥವಾ ಒಂದು ಹಿಡಿ ಒಣಮೆಣಸು ಸಾಕು. ಅಕ್ಕಿಗೆ ಬಜೆಯ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡಿ.

ಬಟ್ಟೆಗೆ ಬಚ್ಚಲ ಒಲೆಯ ಮೇಲೆ, ಆಳೆತ್ತರಕ್ಕಿಂತ ಮೇಲೆ, ಬಿದಿರಿನ ಗಳ ಕಟ್ಟಿಸಿ. ದಪ್ಪ ಬಟ್ಟೆ, ಜೀನ್ಸ್ ಇವನ್ನೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಚಿ ಇಟ್ಟುಬಿಡಿ, ಹಗುರ ಹತ್ತಿ ಬಟ್ಟೆ ಉಡಿ. ರೇಷ್ಮೆ ಸೀರೆಗಳನ್ನು ಈಗ ಎಳೆಬಿಸಿಲಿಗೆ ಒಂದು ಗಳಿಗೆ ತೋರಿಸಿ, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ನಡುವೆ ಲಾವಂಚದ ಬೇರು ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಕಂಬಳಿಗಳಿಗೆ ಮಾತ್ರ ಒಳ್ಳೆ ಖಡಕ್ ಬಿಸಿಲು ಬೇಕು.

ಇಷ್ಟು ಆದ ಮೇಲೆ ಮಳೆ ಬರಲಿ ನೋಡಿ! ಮಳೆ ನಕ್ಷತ್ರ ಒಂದೊಂದೂ ಹದಿಮೂರು, ಹದಿನಾಲ್ಕು ದಿನ. ಒಂದೊಂದರ ಗುಣವೂ ಬೇರೆ, ಊಟವೂ ಬೇರೆ. ಮೃಗಶಿರ ಅಂದರೆ ಮಣ್ಣಿನ ವಾಸನೆ, ಸಸಿ ನೆಡುವ ಗಡಿಬಿಡಿ. ಆರಿದ್ರೆಗೆ ಮರದ ಕೊಂಬೆಗಳ ಮೇಲೆ ಮರಕೆಸು ಚಿಗುರುತ್ತದೆ. ಅದರ ಪತ್ರೊಡೆಗೆ ಹುಣಸೆ ಸ್ವಲ್ಪ ಮುಂದಾಗಿ ಹಾಕಿ, ನಾಲಿಗೆ ತುರಿಸುವುದಿಲ್ಲ. ಆಮೇಲೆ ಕಳಲೆ. ಎಳೆಯ ಬಿದಿರಿನ ಮೊಳಕೆ ಸಿಪ್ಪೆ ತೆಗೆದು ಹೆಚ್ಚಿ ಮೂರು ದಿನ ನೀರಲ್ಲಿ ನೆನೆಸಲೇಬೇಕು, ದಿನಾ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ವಿಷ ಇದೆ. ಆ ನೀರನ್ನು ದನ ಕುಡಿಯದ ಕಡೆ ಚೆಲ್ಲಿ. ಪುಷ್ಯ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನ ಹುರುಳಿ ಕಟ್ಟಿನ ಸಾರು, ಬಿಸಿ ಅನ್ನ, ಸುಟ್ಟ ಹಪ್ಪಳ, ಆ ಅಪ್ಪೆಮಿಡಿ. ಕರೆಂಟು ಹೋಗಿರುತ್ತದೆ, ಹೋಗಲಿ. ಲಾಟೀನು ಹಚ್ಚಿ ಎಲ್ಲರೂ ಒಲೆ ಮುಂದೆ ಕೂರಿ. ನಮ್ಮ ಮನೆಯ ಮಕ್ಕಳಿಗೆ ಹಳೆಯ ಕಥೆಗಳೆಲ್ಲ ಗೊತ್ತಾಗಿದ್ದು ಅಂಥ ರಾತ್ರಿಗಳಲ್ಲೇ.

ಎಚ್ಚರಿಕೆ ಮಾತು ಎರಡು ಮೂರು ಇವೆ. ಸೌದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಹಾವು ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದಿರುತ್ತದೆ. ಗುಡುಗುವಾಗ ಟಿವಿ, ಫ್ರಿಡ್ಜಿನ ಪ್ಲಗ್ ಕಿತ್ತುಬಿಡಿ. ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ಎಳೆಯಬೇಡಿ, ಚೂರು ಉಪ್ಪು ಅಥವಾ ಸುಣ್ಣ ಮುಟ್ಟಿಸಿ, ತಾನೇ ಬಿಡುತ್ತದೆ. ಊರಿನ ತಿಳಿದವರು ತೋರಿಸದ ಅಣಬೆಯನ್ನು ಮುಟ್ಟಲೇಬೇಡಿ.

ಮಘೆ ಮಳೆ ದಾಟಿ, ಚಿತ್ತೆ ಹೊತ್ತಿಗೆ ಆಕಾಶ ತೆರೆದುಕೊಳ್ಳುತ್ತದೆ. ಆಗ ಬರುವುದು ಭೂಮಿ ಹುಣ್ಣಿಮೆ. ನನಗೆ ವರ್ಷದಲ್ಲಿ ಎಲ್ಲಕ್ಕಿಂತ ಇಷ್ಟದ ಹಬ್ಬ. ಗದ್ದೆಯಲ್ಲಿ ಭತ್ತ ಹೊಡೆ ಆಗಿರುತ್ತದೆ, ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಉಣಿಸುವ ಹಾಗೆ ರಾತ್ರಿಯೆಲ್ಲ ಅಡುಗೆ ಮಾಡಿ, ಬಗೆಬಗೆಯ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಬೀರುತ್ತಾರೆ. ಹೊಸದಾಗಿ ಬಂದವರು ಒಂದು ಸಲ ಆ ಹೊತ್ತಿಗೆ ಗದ್ದೆ ಬದುವಿನ ಮೇಲೆ ನಿಂತು ನೋಡಬೇಕು. ಸೌತೆಕಾಯಿ ಕಡುಬಿನ ಬಿಸಿಯೂ ಇಬ್ಬನಿಯ ತಣ್ಣಗೂ ಒಟ್ಟಿಗೇ ಇರುತ್ತದೆ.

ಆಮೇಲೆ ಅಡಕೆ ಕೊಯ್ಲು, ಸುಗ್ಗಿ, ಚಳಿ ಇಳಿಯುವ ಹೊತ್ತಿಗೆ ಆಲೆಮನೆ. ಆ ದಿನಗಳಲ್ಲಿ ಕೈತುಂಬಾ ಕೆಲಸ ಇರುತ್ತದೆ, ಆದರೂ ಒಂದು ಕೆಲಸ ಮರೆಯಬೇಡಿ. ಚೆನ್ನಾಗಿ ಬಲಿತ ಸೌತೆ, ಹೀರೆ, ಮೊಗೆಕಾಯಿಗಳನ್ನು ಬೀಜಕ್ಕೆ ಬಿಡಿ. ಬಳ್ಳಿಯ ಮೊದಲ ಕಾಯಿಗಳಲ್ಲೇ ಒಳ್ಳೆಯದನ್ನು ಗುರುತು ಮಾಡಿ, ಮನೆಯವರಿಗೆಲ್ಲ ಹೇಳಿಡಿ, ಇಲ್ಲದಿದ್ದರೆ ಯಾರಾದರೂ ಸಾಂಬಾರಿಗೆ ಹಾಕಿಬಿಡುತ್ತಾರೆ. ಹೀರೆಯನ್ನು ಕಾಯಿ ಸಮೇತ ಒಲೆಯ ಮೇಲೆ ನೇತು ಹಾಕಿ. ಸೌತೆ ಬೀಜವನ್ನು ಬೂದಿಯಲ್ಲಿ ಉಜ್ಜಿ, ಸಗಣಿ ಜೊತೆ ಕಲಸಿ ಗೋಡೆಗೆ ಮೆತ್ತಿ. ಇಲಿ ಮುಟ್ಟುವುದಿಲ್ಲ, ಹುಳ ಬರುವುದಿಲ್ಲ.

ನಮ್ಮ ಕೊಟ್ಟಿಗೆ ಗೋಡೆ ಮೇಲೆ ಈ ವರ್ಷ ಹೀಗೆ ಮೆತ್ತಿದ ಹನ್ನೊಂದು ಬೀಜದ ಬಿಲ್ಲೆ ಇವೆ. ನಮಗೆ ನಾಲ್ಕು ಸಾಕು. ಭರಣಿ ನಕ್ಷತ್ರದ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಸುತ್ತಮುತ್ತ ಇರುವವರು ಬಂದು ಕಿತ್ತುಕೊಂಡು ಹೋಗಿ, ನೀರಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿ. ಬರುವಾಗ ಒಂದು ಖಾಲಿ ಬಾಟಲಿ ತನ್ನಿ, ಸ್ವಲ್ಪ ಹಳೇ ಮಿಡಿ ಉಪ್ಪಿನಕಾಯಿಯೂ ಉಳಿದಿದೆ. ಬಾಟಲಿ ಒಣಗಿರಲಿ.