ಸ್ಟೋರೇಜ್ ರೌಟರ್: ಕೇಬಲ್ ಮೊದಲು, ಕರೆಂಟ್ ಕೊನೆಗೆ

ಇದು ಐಸ್ಕಸಿಯಿಂದ (iSCSI: ಡಿಸ್ಕ್‌ನ ಓದು-ಬರಹವನ್ನು ಸಾಮಾನ್ಯ ನೆಟ್‌ವರ್ಕ್ ಮೇಲೆ ಸಾಗಿಸುವ ವಿಧಾನ) ಫೈಬರ್ ಚಾನೆಲ್‌ಗೆ (ಸ್ಟೋರೇಜ್‌ಗೆಂದೇ ಇರುವ ವೇಗದ ಜಾಲ) ದಾಟಿಸುವ ರೌಟರ್‌ನ ಮಾತು. ಒಂದು ಬದಿ ಈಥರ್ನೆಟ್‌ನಲ್ಲಿ ಸರ್ವರ್‌ಗಳು, ಇನ್ನೊಂದು ಬದಿ ಫೈಬರ್‌ನಲ್ಲಿ ಡಿಸ್ಕ್ ಅರೇ, ಅಂದರೆ ಹಲವು ಡಿಸ್ಕ್‌ಗಳ ಜೋಡಣೆ. ಮನೆಯ ವೈಫೈ ಡಬ್ಬಿಯ ಹಾಗೆ ತಂದ ತಕ್ಷಣ ಪ್ಲಗ್ ಚುಚ್ಚುವ ಸಾಮಾನಲ್ಲ.

ರ‍್ಯಾಕ್‌ಗೆ ಬಿಗಿದ ಮೇಲೆ ಮೊದಲ ಕೆಲಸ ಮಲ್ಟಿಮೀಟರ್‌ದು. ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು. ನ್ಯೂಟ್ರಲ್–ಅರ್ತ್ ನಡುವೆ 3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕಬೇಡಿ. ಬೋರ್ಡು ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಬೇರೆ ಬೇರೆ ಯುಪಿಎಸ್ ಲೈನ್ ಕೊಡಿ, ಸ್ವಿಚ್ ಮಾತ್ರ ಆಫ್ ಇರಲಿ.

ಫೈಬರ್‌ನಲ್ಲಿ ಎಡವುವವರೇ ಹೆಚ್ಚು. ಎಸ್‌ಎಫ್‌ಪಿಯನ್ನು (ಪೋರ್ಟಿಗೆ ಚುಚ್ಚುವ, ಫೈಬರ್ ಸೇರುವ ಪುಟ್ಟ ಮಾಡ್ಯೂಲ್) ಕ್ಲಿಕ್ ಎನ್ನುವವರೆಗೆ ಒಳಗೆ ತಳ್ಳಿ. ಫೈಬರ್ ಕೇಬಲ್ ತುದಿಯ ಎಲ್‌ಸಿ ಕನೆಕ್ಟರ್‌ನ ಧೂಳುಮುಚ್ಚಳವನ್ನು ಚುಚ್ಚುವ ಕ್ಷಣದಲ್ಲೇ ತೆಗೆಯಿರಿ. ತುದಿಯನ್ನು ಅಂಗಿಗೆ ಒರೆಸಿದಿರೋ, ಲಿಂಕ್ ಬಂದರೂ ಎರರ್ ಕೌಂಟರ್ ಏರುತ್ತಲೇ ಇರುತ್ತದೆ. 850 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣದು, ಪೋರ್ಟಿನೊಳಗೆ ಇಣುಕಬೇಡಿ. ಕೇಬಲ್ ಸುತ್ತಿಡುವಾಗ ಸುರುಳಿ ಒಂದು ಟೀ ಸಾಸರ್‌ಗಿಂತ ಚಿಕ್ಕದಾಗದಿರಲಿ. ಕಟ್ಟಲು ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಸಾಕು.

ಲಿಂಕ್ ದೀಪ ಹತ್ತದಿದ್ದರೆ ಮೊದಲು ಕ್ಲಿಪ್ ಬಿಡಿಸಿ ಎರಡು ಎಳೆಗಳನ್ನು ಅದಲು ಬದಲು ಮಾಡಿ: ಈಚೆಯ ಟಿಎಕ್ಸ್ (ಕಳಿಸುವ ತುದಿ) ಆಚೆಯ ಆರ್‌ಎಕ್ಸ್‌ಗೇ (ಪಡೆಯುವ ತುದಿ) ಹೋಗಬೇಕು. ಆಮೇಲೆ ವೇಗ ನೋಡಿ. ಹಳೆಯ 2 ಗಿಗಾಬಿಟ್ ರೌಟರನ್ನು 16 ಗಿಗಾಬಿಟ್ ಎಸ್‌ಎಫ್‌ಪಿ ಇರುವ ಸ್ವಿಚ್ಚಿಗೆ ಚುಚ್ಚಿ ದಿನವಿಡೀ ಕಾದರೂ ದೀಪ ಹತ್ತುವುದಿಲ್ಲ. ಆ ಎಸ್‌ಎಫ್‌ಪಿ 16, 8, 4ಕ್ಕೆ ಮಾತ್ರ ಇಳಿಯುತ್ತದೆ. 8ರದ್ದು ಹಾಕಿದರೆ 2ಕ್ಕೂ ಒಗ್ಗುತ್ತದೆ.

ಈಥರ್ನೆಟ್ ಬದಿಗೆ ಕ್ಯಾಟ್ 5ಇ ಅಥವಾ 6 ನಡೆಯುತ್ತದೆ, 100 ಮೀಟರ್ ದಾಟದಿರಲಿ. ಡೇಟಾ ಪೋರ್ಟು, ಮ್ಯಾನೇಜ್‌ಮೆಂಟ್ ಪೋರ್ಟು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿರಲಿ.

ಈಗ ಕರೆಂಟು. ಮೊದಲು ಡಿಸ್ಕ್ ಶೆಲ್ಫ್ (ಅರೇಯ ಡಿಸ್ಕ್‌ಗಳಿರುವ ಪೆಟ್ಟಿಗೆ), ಆಮೇಲೆ ಅರೇ ಕಂಟ್ರೋಲರ್, ಫೈಬರ್ ಸ್ವಿಚ್, ಆಮೇಲೆ ರೌಟರ್, ಕಡೆಗೆ ಸರ್ವರ್‌ಗಳು. ರೌಟರ್ ಎದ್ದಾಗ ಲನ್‌ಗಳನ್ನು (LUN: ಅರೇ ಡಿಸ್ಕ್ ಎಂದು ತೋರಿಸುವ ಭಾಗಗಳು) ಹುಡುಕುತ್ತದೆ. ಆಗ ಅರೇ ಇನ್ನೂ ಏಳದಿದ್ದರೆ ಪಟ್ಟಿ ಖಾಲಿ, ಸರ್ವರ್‌ಗೆ ಡಿಸ್ಕೇ ಇಲ್ಲ. ಆಫ್ ಮಾಡುವಾಗ ಇದೇ ಸಾಲು ತಿರುಗುಮುರುಗು.

ಆನ್ ಮಾಡುವ ಮುಂಚೆಯೇ ಲ್ಯಾಪ್‌ಟಾಪ್‌ಗೆ ಕನ್ಸೋಲ್ ಕೇಬಲ್ ಹಾಕಿ ಪುಟ್ಟಿ (PuTTY ಎಂಬ ಟರ್ಮಿನಲ್ ತಂತ್ರಾಂಶ) ತೆರೆದಿಡಿ. ಸಾಮಾನ್ಯವಾಗಿ 9600 ಬಾಡ್ (ಸಂಪರ್ಕದ ವೇಗ), 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರದೆಯಲ್ಲಿ ಸೊಟ್ಟ ಅಕ್ಷರ ಉದುರಿದರೆ ಬಾಡ್ ತಪ್ಪಿದೆ ಎಂದರ್ಥ, ರೌಟರ್ ಕೆಟ್ಟಿಲ್ಲ. ಐಪಿ ಕೊಟ್ಟ ಮೇಲೆ ರೌಟರ್‌ನ 16 ಹೆಕ್ಸ್ ಅಂಕಿಯ ಡಬ್ಲ್ಯುಡಬ್ಲ್ಯುಪಿಎನ್ (ಫೈಬರ್ ಪೋರ್ಟಿನ ವಿಳಾಸ) ಬರೆದುಕೊಂಡು ಸ್ವಿಚ್‌ನ ಜೋನ್‌ಗೂ (ಯಾರು ಯಾರೊಡನೆ ಮಾತಾಡಬಹುದೆಂಬ ಪಟ್ಟಿ) ಅರೇಯ ಮಾಸ್ಕಿಂಗ್‌ಗೂ (ಯಾರಿಗೆ ಯಾವ ಲನ್ ಕಾಣಬೇಕೆಂಬ ಪಟ್ಟಿ) ಸೇರಿಸಿ. ಫೈರ್‌ವಾಲ್ ಇದ್ದರೆ ಐಸ್ಕಸಿ ಬಳಸುವ ಟಿಸಿಪಿ ಪೋರ್ಟ್ 3260 ತೆರೆದಿರಬೇಕು.

ಸರ್ವರ್‌ನಿಂದ ಲಾಗಿನ್ ಆಯಿತು, ಡಿಸ್ಕೂ ಕಂಡಿತು, ಫೈಲ್ ಕಾಪಿ ಶುರುವಾದೊಡನೆ ನಿಂತುಹೋಯಿತೇ? ಬಹುಪಾಲು ಇದು ಜಂಬೋ ಫ್ರೇಮ್‌ನ (1500ರ ಬದಲು ಸುಮಾರು 9000 ಬೈಟ್‌ನ ದೊಡ್ಡ ಪ್ಯಾಕೆಟ್) ಗೊಂದಲ. ದಾರಿಯಲ್ಲಿ ಯಾವುದೋ ಒಂದು ಪೋರ್ಟ್ 1500 ಬೈಟ್ ಮಿತಿಯಲ್ಲೇ ಉಳಿದಿದೆ. ತುಂಡರಿಸಬೇಡ ಎಂಬ ಗುರುತಿನೊಂದಿಗೆ 8972 ಬೈಟ್‌ನ ಪಿಂಗ್ ಕಳಿಸಿ. ಹೆಡರ್‌ನ 28 ಸೇರಿ 9000 ಆಗುತ್ತದೆ. ಉತ್ತರ ಬರದಿದ್ದರೆ ಒಂದೊಂದೇ ಪೋರ್ಟ್ ತಿದ್ದಿ, ಇಲ್ಲವೇ ಎಲ್ಲವನ್ನೂ 1500ಕ್ಕೆ ಇಳಿಸಿ.