ಎಕ್ಕಿ ಮರ ಹೊಸ್ತಿಲಾದ ಕತೆ

ಹೊಸ್ತಿಲು ಕೊಳೆಯೋದು ನಮ್ಮ ಬಡಿಗರ ಕಸುಬಿನ ಹಳೇ ತಲೆನೋವು. ಚೌಕಟ್ಟಿನ ಮೂರು ಮಗ್ಗಲು ತಲೆಮಾರುಗಟ್ಟಲೆ ಬಾಳುತ್ತೆ. ದಿನಾ ನೀರು ಹಾಕಿ ತೊಳೆದು ಅರಿಶಿಣ ಬಳಿಸಿಕೊಳ್ಳೋ ಹೊಸ್ತಿಲು ಮಾತ್ರ ಕೆಳಗಿಂದ ಮೆತ್ತಗಾಗುತ್ತೆ, ಗೆದ್ದಲಿಗೂ ಅದೇ ದಾರಿ. ಈಗಿನ ಎಳೇ ತೇಗ ಇದನ್ನು ತಡೆಯಲ್ಲ. ಹಿತ್ತಲ ಬಾಗಿಲಿನ ಎರಡು ಹೊಸ್ತಿಲು ವಾಪಸ್ ಬಂದು, ಕೈಯಿಂದ ದುಡ್ಡು ಹಾಕಿ ಬದಲಾಯಿಸಿಕೊಟ್ಟ ಮೇಲೆ ಬೇರೆ ಮರ ಹುಡುಕೋಕೆ ಹೊರಟೆ.

ಮಂಗಳೂರಿನ ಒಬ್ಬ ಟಿಂಬರ್ ವ್ಯಾಪಾರಿ ಹತ್ತಿರ ಎಕ್ಕಿ ಸಿಕ್ಕಿತು. ಆಫ್ರಿಕಾದ ಕ್ಯಾಮರೂನ್, ಗ್ಯಾಬೊನ್ ಕಡೆ ಬೆಳೆಯೋ ಮರ, ಅಲ್ಲಿ ಅಜೋಬೆ ಅಂತಾರೆ. ಹೆಸರು ಕೇಳಿದ್ದೇ ದಾವಣಗೆರೆಯ ಪಿ.ಬಿ. ರಸ್ತೆಯ ನಮ್ಮ ಬಡಿಗರೆಲ್ಲ "ಎಕ್ಕದ ಗಿಡ ಕಡಿದು ತಂದಿದೀಯೇನೋ?" ಅಂತ ನಕ್ಕರು. ಲಾರಿಯಿಂದ ಇಳಿಸೋವಾಗ ನಗು ನಿಂತಿತು. ತೇಗ ಸಿಎಫ್‌ಟಿಗೆ, ಅಂದರೆ ಒಂದು ಘನ ಅಡಿಗೆ, 18-20 ಕೆಜಿ ತೂಗಿದರೆ ಇದು 30 ದಾಟುತ್ತೆ. ಹುಡುಗ ಒಂದು ತುಂಡನ್ನು ನೀರಿನ ತೊಟ್ಟಿಗೆ ಹಾಕಿದ, ಕಲ್ಲಿನ ಹಾಗೆ ಬುಡ ಸೇರಿತು. ಒಟ್ಟು 20 ಸಿಎಫ್‌ಟಿ, ಬಾಡಿಗೆ ಸೇರಿ 42,000 ಚಿಲ್ಲರೆ. ಅರ್ಧ ಕೈಸಾಲ.

ಮೊದಲ ಪೆಟ್ಟು ಬಿಸಿಲಿನದು. ಏಪ್ರಿಲ್ ತಿಂಗಳು, ತೇಗ ಒಣಗಿಸಿದ ಹಾಗೇ ಅಂಗಳದಲ್ಲಿ ಒಟ್ಟಿದೆ. ಹತ್ತೇ ದಿನಕ್ಕೆ ತುದಿಗಳಲ್ಲಿ ಬೆರಳು ತೂರುವಷ್ಟು ಬಿರುಕು. ಒಂದು ಹಲಗೆಯಂತೂ ಬಿಲ್ಲಾಯಿತು. ನಾಲ್ಕೈದು ಸಿಎಫ್‌ಟಿ ಸೌದೆಗೆ ಹೋಯಿತು, ಒಲೆಯಲ್ಲೂ ಅದು ಸಲೀಸಾಗಿ ಹತ್ತಿಕೊಳ್ಳಲಿಲ್ಲ.

ಎರಡನೇದು ಪ್ಲೇನರ್, ಮರ ಹೆರೆಯೋ ಯಂತ್ರದ್ದು. ಎರಡು ಹಲಗೆ ಹೋಗೋಷ್ಟರಲ್ಲಿ ಬ್ಲೇಡ್ ಮೊಂಡು. ಇದರ ನಾರು ಒಂದು ಪದರ ಬಲಕ್ಕೆ ವಾಲಿದರೆ ಮುಂದಿನ ಪದರ ಎಡಕ್ಕೆ, ಹಾಗಾಗಿ ಯಾವ ಕಡೆಯಿಂದ ಹೆರೆದರೂ ಅರ್ಧ ಭಾಗ ಚಕ್ಕೆ ಏಳುತ್ತೆ. ಬೈರಿಗೆಯ ಬಿಟ್ ತುದಿ ನೀಲಿಗಟ್ಟಿತು. ಮೊಳೆ ಬಗ್ಗಿತು, ಸ್ಕ್ರೂ ತಲೆ ಕಿತ್ತು ಕೈಗೆ ಬಂತು. ದೊಡ್ಡಪ್ಪ ಇದನ್ನೆಲ್ಲ ನೋಡುತ್ತಾ ಕೂತಿದ್ದವರು, "ತಮ್ಮಾ, ಇದು ಬಡಿಗನ ಕೆಲಸ ಅಲ್ಲ ಬಿಡು, ಕುಲುಮೆ ಹಾಕು" ಅಂದರು. ಬ್ಲೇಡು, ಬಿಟ್ಟು ಅಂತ ಆ ಎರಡು ತಿಂಗಳಲ್ಲೇ 7,000 ಕರಗಿರಬೇಕು.

ಉಳಿದದ್ದನ್ನು ಶೆಡ್ಡಿನೊಳಗೆ ನೆರಳಿಗೆ ಸಾಗಿಸಿದೆ. ತುದಿಗಳಿಗೆ ಕರಗಿಸಿದ ಮೇಣ ಎರಡು ಸಲ ಬಳಿದು, ನಡುವೆ ಪಟ್ಟಿ ಕೊಟ್ಟು ಒಟ್ಟಿ, ಮೇಲೆ ಸೈಜುಗಲ್ಲು ಹೇರಿ ಹದಿನಾಲ್ಕು ತಿಂಗಳು ಮರೆತುಬಿಟ್ಟೆ. ಮೂರಿಂಚು ದಪ್ಪ ಒಳಗಿನ ತನಕ ಒಣಗಿತ್ತು ಅನ್ನಲ್ಲ. ಹೊಸ್ತಿಲಿಗೆ ಅಷ್ಟು ಬೇಕಾಗೂ ಇಲ್ಲ, ಹಾಲೆಂಡಿನವರು ಇದನ್ನು ಯಾವಾಗಲೂ ನೀರಲ್ಲೇ ನಿಲ್ಲೋ ಕಾಲುವೆ ಗೇಟುಗಳಿಗೆ ಬಳಸ್ತಾರೆ. ಪ್ಯಾರಿಸ್ ಮೆಟ್ರೋದ ರಬ್ಬರ್ ಟಯರಿನ ರೈಲು ಓಡಿದ್ದೂ ಇದೇ ಮರದ ಹಲಗೆ ಮೇಲೆ. ನಮ್ಮ ಮನೆಮಂದಿಯ ಕಾಲು ತಡೆಯಲ್ವಾ?

ಸೀಳೋಕೆ ಹಲ್ಲು ಕಮ್ಮಿ ಇರೋ ಕಾರ್ಬೈಡ್ ಬ್ಲೇಡ್ ಹಾಕಿ, ನಿಧಾನ ತಳ್ಳಬೇಕು. ಹೆರೆಯೋಕೆ ಉಜ್ಜುಗೊರಡಿನ, ಅಂದರೆ ಕೈಯಲ್ಲಿ ಹೆರೆಯೋ ಉಪಕರಣದ, ಅಲಗನ್ನು ಮಾಮೂಲಿಗಿಂತ ನೆಟ್ಟಗೆ ನಿಲ್ಲಿಸಿದೆ, ಚಕ್ಕೆ ಏಳೋದು ನಿಂತಿತು. ಎಷ್ಟು ನೆಟ್ಟಗೆ ಅಂತ ಕೇಳಬೇಡಿ, ಅದಕ್ಕೆ ಮೂರು ಗೊರಡು ಹಾಳು ಮಾಡಿಕೊಂಡಿದೀನಿ. ಸ್ಕ್ರೂ ಯಾವುದಾದರೂ ಸರಿ, ಮೊದಲು ತೂತು, ಆಮೇಲೆ ಸ್ಕ್ರೂ. ಸ್ಕ್ರೂಗೆ ಸವರೋ ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ, ಹೆಸರು ಮಾತ್ರ ಹೇಳಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಇದರ ಪುಡಿ ಬಿದ್ದ ಕುತ್ತಿಗೆ ರಾತ್ರಿಯಿಡೀ ತುರಿಸುತ್ತೆ.

ಈ ನಡುವೆ ಇನ್ನೊಂದು ಆಟ ನಡೆದಿತ್ತು. ಹೊಲದ ಬದುವಿನ ಹುತ್ತದ ಪಕ್ಕ ಎಕ್ಕಿಯ ಕೇಗು (ಒಳಗಿನ ಗಟ್ಟಿ ತಿರುಳು), ಅದರದೇ ಬಿಳಿಸೊಪ್ಪೆ (ತೊಗಟೆ ಕೆಳಗಿನ ಬಿಳಿ ಭಾಗ), ಒಂದು ತುಂಡು ಬೇವು, ಒಂದು ತುಂಡು ಕಮರದ ಮರ ಹೂತಿದ್ದೆ. ಎರಡು ಮಳೆಗಾಲ ಕಳೆದು ತೆಗೆದರೆ ಬೇವೂ ಬಿಳಿಸೊಪ್ಪೆಯೂ ಜರಡಿ. ಕೇಗಿನ ಮೇಲೆ ಮಣ್ಣಿನ ಗೆರೆ ಅಷ್ಟೇ, ಉಗುರಲ್ಲಿ ಕೆರೆದರೆ ಹೋಯಿತು. ನಮ್ಮ ಚಿತ್ರದುರ್ಗದ ಕಡೆಯ ಕಮರವೂ ಹಾಗೇ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಆದರೆ ನಾಲ್ಕಡಿ ನೇರ ಕಮರ ಎಲ್ಲಿ ಸಿಗುತ್ತೆ? ಉಳಿದ ಎಕ್ಕಿ ತುಂಡಲ್ಲಿ ಕೊಡತಿಯನ್ನೂ ಮಾಡಿದೆ. ಸಂಜೆ ಹೊತ್ತಿಗೆ ಮಣಿಕಟ್ಟು ಊದಿಕೊಂಡಿತು, ಹುಣಸೆ ಕೊಡತಿಗೇ ವಾಪಸ್ ಬಂದೆ.

ಮೊದಲ ಹೊಸ್ತಿಲು ನಿಟ್ಟುವಳ್ಳಿಯ ಒಂದು ಮನೆಗೆ. ಕಡುಗೆಂಪು ಮರದ ತುಂಬ ಸಣ್ಣ ಸಣ್ಣ ಬಿಳಿ ಗೆರೆ, ಸುಣ್ಣ ತುಂಬಿದ ಹಾಗೆ. ಮನೆಯ ಅಜ್ಜಿ ಬಗ್ಗಿ ನೋಡಿ, "ಹುಳ ಹಿಡಿದ ಮರ ತಂದಿದೀಯಲ್ಲಪ್ಪಾ" ಅಂದರು. ಅದು ಈ ಮರದ ಹುಟ್ಟುಗುಣ ಅಜ್ಜಿ ಅಂತ ಹೇಳಿ, ಅವರದೇ ಪಿನ್ನು ಕೊಟ್ಟು ಚುಚ್ಚಿಸಿದೆ. ಪಿನ್ನು ಸೊಟ್ಟಗಾಯಿತು. "ಆಫ್ರಿಕಾದ್ದಾದ್ರೇನು, ಲಕ್ಷ್ಮಿ ದಾಟಿ ಬಂದ್ರೆ ಸರಿ" ಅಂತ ಅವರೇ ಮೊದಲ ಅರಿಶಿಣ ಬಳಿದರು. ಮೂರು ವರ್ಷ ಆಗುತ್ತಾ ಬಂತು, ಹೋದಾಗಲೆಲ್ಲ ಕೆಳಗೆ ಬೆರಳು ಹಾಕಿ ನೋಡ್ತೀನಿ. ಗಟ್ಟಿ ಇದೆ.

ಆಮೇಲೆ ಇಪ್ಪತ್ತಕ್ಕೂ ಮೇಲೆ ಕೂರಿಸಿದೀನಿ. ನಾಲ್ಕಡಿಯದಕ್ಕೆ ಮರ 1,100, ಕೂಲಿ, ಬ್ಲೇಡಿನ ಸವೆತ ಎಲ್ಲ ಸೇರಿ 2,600 ತಗಲುತ್ತೆ, 3,800 ತಗೋತೀನಿ. ಈಗ ಅದೇ ನಕ್ಕವರು ನನ್ನ ಗೊರಡು ಕೇಳೋಕೆ ಬರ್ತಾರೆ.

ಬಗೆಹರಿಯದೆ ಉಳಿದಿರೋದು ಅಂಟು. ಎರಡು ಹಲಗೆ ಸೇರಿಸಿ ಅಗಲ ಮಾಡೋಣ ಅಂತ ಬಿಳಿ ಗಮ್ ಹಾಕಿದೆ, ವಾರಕ್ಕೇ ಬಿಟ್ಟಿತು. ಥಿನ್ನರಲ್ಲಿ ಒರೆಸಿ ಎಪಾಕ್ಸಿ ಅಂಟು ಹಾಕಿದ್ದು ಆರು ತಿಂಗಳು ನಿಂತು, ಹೋದ ಮಾರ್ಚ್‌ನಲ್ಲಿ ಟಪ್ ಅಂತ ಬಾಯಿಬಿಟ್ಟಿತು. ಸದ್ಯ ಅಂಟಿನ ಜೊತೆ ಹಿತ್ತಾಳೆ ಬೋಲ್ಟು ಕೂಡಿಸಿದ ಒಂದು ಜೋಡಿ ಶೆಡ್ಡಿನ ಗೋಡೆಗೆ ಒರಗಿದೆ, ಈ ಬೇಸಿಗೆ ದಾಟುತ್ತೇನೋ ನೋಡ್ತಿದೀನಿ.