ಗನ್ ಮೆಟಲ್ ಬುಷ್‌ನಿಂದ ಫೋಕಸ್ ರಿಂಗ್: ಕಲಬುರಗಿಯಲ್ಲಿ ನಾನು ಮಾಡಿಕೊಂಡ ಮ್ಯಾಕ್ರೋ ಲೆನ್ಸ್

ಹಳೆಯ ಎನ್ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಫೋಟೋ ಮಾಡುವ ಯಂತ್ರ) ಲೆನ್ಸ್ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಡಾರ್ಕ್‌ರೂಮ್‌ಗಳು ಮುಚ್ಚಿದ ಮೇಲೆ ಇವನ್ನು ಕೇಳುವವರಿಲ್ಲ. ಹಳೇ ಸ್ಟುಡಿಯೋಗಳ ಕಪಾಟಿನಲ್ಲಿ ಸುಮ್ನೆ ಬಿದ್ದಿರುತ್ತವೆ. ಹತ್ತಿರದ ವಸ್ತುವನ್ನು ಅಂಚಿನವರೆಗೂ ಚೊಕ್ಕವಾಗಿ ತೋರಿಸಲೆಂದೇ ಮಾಡಿದ ಗಾಜು ಅದು. ಆದರೆ ಅದಕ್ಕೆ ಫೋಕಸ್ ರಿಂಗ್ ಇರುವುದಿಲ್ಲ. ಎನ್ಲಾರ್ಜರ್‌ನಲ್ಲಿ ಆ ಕೆಲಸವನ್ನು ಬೆಲೋಸ್ (ಮಡಿಕೆ ಮಡಿಕೆಯ ತಿದಿ) ಮಾಡುತ್ತಿತ್ತು. ಕ್ಯಾಮೆರಾಗೆ ಹಾಕಬೇಕೆಂದರೆ ಲೆನ್ಸನ್ನು ಹಿಂದೆ ಮುಂದೆ ಸರಿಸುವ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು.

ನನಗೆ ಇದು ಬೇಕಾಗಿದ್ದು ತೊಗರಿ ಹೊಲಕ್ಕೆ. ಕಲಬುರಗಿಯಲ್ಲಿ ಕ್ಯಾಮೆರಾ ರಿಪೇರಿ ನನ್ನ ಕೆಲಸ. ತೊಗರಿ ಹೂ ಬಿಡುವ ಹೊತ್ತಿಗೆ ಪರಿಚಯದ ರೈತರ ಹೊಲಕ್ಕೆ ಹೋಗಿ ಕಾಯಿಕೊರಕದ ಮೊಟ್ಟೆ, ಮರಿಹುಳಗಳ ಫೋಟೋ ತೆಗೆದುಕೊಡುತ್ತೇನೆ. ಮೊಟ್ಟೆ ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ ಅಷ್ಟೇ. ಹುಳ ಕಾಯಿಯೊಳಗೆ ಹೊಕ್ಕ ಮೇಲೆ ಔಷಧಿ ಹೊಡೆದರೂ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಮೊಟ್ಟೆಯನ್ನು ಗುರುತು ಹಿಡಿಯುವುದು ಮುಖ್ಯ, ಅದಕ್ಕೆ ಒಳ್ಳೆ ಫೋಟೋ ಬೇಕು. ಗಾಳಿಗೆ ಗಿಡ ಅಲ್ಲಾಡುತ್ತಿರುವಾಗ ಆಟೋಫೋಕಸ್ ಹಿಂದಿನ ಎಲೆಯನ್ನು ಹಿಡಿಯುತ್ತದೆ, ಮತ್ತೆ ಬಿಡುತ್ತದೆ, ಮತ್ತೆ ಹುಡುಕುತ್ತದೆ. ಇಂಥ ಜಾಗದಲ್ಲಿ ಕೈಗೆ ಸರಿಯಾಗಿ ಒಗ್ಗಿದ ಮೆಕ್ಯಾನಿಕಲ್ ರಿಂಗೇ ವಾಸಿ ಅಂತ ನಾನು ಖಂಡಿತ ಹೇಳುತ್ತೇನೆ.

ಲೇತ್ ಅಂಗಡಿಗೆ ಹೋಗುವ ಮೊದಲು ಪೆನ್ನು ಹಾಳೆ ಹಿಡಿದು ಕೂರಬೇಕು. ಅನಂತ ದೂರದ ಫೋಕಸ್‌ನಿಂದ ಲೆನ್ಸ್ ಎಷ್ಟು ಸರಿಯಬೇಕು ಅನ್ನುವುದು ಮೊದಲ ಪ್ರಶ್ನೆ. ಲೆಕ್ಕ ಸುಲಭ. ಫೋಕಲ್ ಲೆಂತ್‌ನ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ. ಅಂಕಿ) ವರ್ಗವನ್ನು, ವಸ್ತುವಿನ ದೂರದಲ್ಲಿ ಫೋಕಲ್ ಲೆಂತ್ ಕಳೆದು ಉಳಿದದ್ದರಿಂದ ಭಾಗಿಸಿ. ನನ್ನದು 50 ಮಿ.ಮೀ. ಲೆನ್ಸ್. 1 ಮೀಟರ್ ದೂರಕ್ಕೆ 2,500ನ್ನು 950ರಿಂದ ಭಾಗಿಸಿದರೆ 2.6 ಮಿ.ಮೀ. ಬರುತ್ತದೆ. ಅರ್ಧ ಮೀಟರಿಗೆ 5.6. ಸುಮಾರು 33 ಸೆಂ.ಮೀ.ಗೆ 9 ಮಿ.ಮೀ. ಇಡೀ ಗಿಡದಿಂದ ಒಂದು ಟೊಂಗೆಯವರೆಗೆ ತೆಗೆಯಲು ಈ 9 ಮಿ.ಮೀ. ಓಟ ಸಾಕು.

ಫೋಕಲ್ ಲೆಂತ್ ಚಿಕ್ಕದಾದಷ್ಟೂ ಈ ಓಟ ಬಹಳ ಬೇಗ ಕಡಿಮೆಯಾಗುತ್ತದೆ. ಸಿಸಿಟಿವಿಯ ಸಣ್ಣ ಬೋರ್ಡ್ ಲೆನ್ಸ್‌ಗಳನ್ನೇ ನೋಡಿ. 6 ಮಿ.ಮೀ. ಲೆನ್ಸ್ ಅನಂತ ದೂರದಿಂದ ಅರ್ಧ ಮೀಟರಿಗೆ ಬರಲು ಸರಿಯುವುದು ಬರೀ 0.07 ಮಿ.ಮೀ. ಅದರ ಮೈಮೇಲಿನ ಥ್ರೆಡ್ ಎಂ12 (12 ಮಿ.ಮೀ. ವ್ಯಾಸ), ಪಿಚ್ (ಹಲ್ಲಿಂದ ಹಲ್ಲಿಗೆ ದೂರ) 0.5 ಮಿ.ಮೀ.; ಒಂದು ಸುತ್ತಿಗೆ ಅಷ್ಟು ಸರಿಯುತ್ತದೆ. ಅಂದರೆ ಸುಮಾರು 50 ಡಿಗ್ರಿ ತಿರುಗಿಸಿದರೆ ಕೆಲಸ ಮುಗಿಯಿತು. ಅಲ್ಲಿ ಬೇರೆ ಡಿಸೈನ್ ಏನೂ ಬೇಕಿಲ್ಲ. ಥ್ರೆಡ್ ಸಡಿಲ ಇದ್ದರೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಒಂದು ಸುತ್ತು ಹಾಕಿ, ಲಾಕ್ ನಟ್ ಬಿಗಿ ಮಾಡಿದರೆ ಆಯಿತು.

50 ಮಿ.ಮೀ.ಗೆ ಹಾಗಾಗುವುದಿಲ್ಲ. 1 ಮಿ.ಮೀ. ಪಿಚ್‌ನ ಸಾದಾ ಥ್ರೆಡ್ ಹಾಕಿದರೆ ರಿಂಗನ್ನು ಒಂಬತ್ತು ಸುತ್ತು ತಿರುಗಿಸಬೇಕು. ಹಾಗಂತ ಒಂದೇ ಥ್ರೆಡ್ಡನ್ನು ಕಡಿದಾಗಿ ಹಾಕಿದರೆ ಹಲ್ಲು ಆಳವಾಗುತ್ತದೆ, ದಪ್ಪ ಗೋಡೆಯ ಪೈಪು ಬೇಕಾಗುತ್ತದೆ, ಹಿಡಿತವೂ ಕಡಿಮೆ. ಇದಕ್ಕೆ ಲೆನ್ಸ್ ಕಂಪನಿಗಳು ಕಂಡುಕೊಂಡ ದಾರಿ ಹೆಲಿಕಾಯ್ಡ್. ಅಕ್ಕಪಕ್ಕ ಹಲವು ಥ್ರೆಡ್‌ಗಳನ್ನು ಒಂದೇ ಕೊಳವೆಯ ಮೇಲೆ ಸುತ್ತಿಸುತ್ತಾರೆ. ನಾನು ಆರಿಸಿಕೊಂಡದ್ದು ಆರು ಸ್ಟಾರ್ಟ್ (ಅಂದರೆ ಆರು ಥ್ರೆಡ್), 2 ಮಿ.ಮೀ. ಪಿಚ್. ಒಂದು ಸುತ್ತಿಗೆ ಆಗುವ ಓಟ, ಅಂದರೆ ಲೀಡ್, 12 ಮಿ.ಮೀ. ನನಗೆ ಬೇಕಾದ 9 ಮಿ.ಮೀ. ಮುಕ್ಕಾಲು ಸುತ್ತಿನಲ್ಲಿ, ಅಂದರೆ 270 ಡಿಗ್ರಿಯಲ್ಲಿ ಮುಗಿಯುತ್ತದೆ.

ಇದಕ್ಕಿಂತ ಜೋರು ಮಾಡಬಹುದಿತ್ತು, ಮಾಡಲಿಲ್ಲ. ಯಾಕೆಂದರೆ ಎಫ್ 2.8ರಲ್ಲಿ, ಅಂದರೆ ಅಪರ್ಚರ್ (ಬೆಳಕಿನ ಕಿಂಡಿ) ಅಗಲ ತೆರೆದಾಗ, ನನ್ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್ ಸಹಿಸಿಕೊಳ್ಳುವ ತಪ್ಪು ಹಿಂದಕ್ಕೆ ಮುಂದಕ್ಕೆ ಸುಮಾರು 0.056 ಮಿ.ಮೀ. ಮಾತ್ರ. 12 ಮಿ.ಮೀ. ಲೀಡ್‌ನಲ್ಲಿ ಅದು 1.7 ಡಿಗ್ರಿ. ರಿಂಗಿನ ಹೊರಮೈ 60 ಮಿ.ಮೀ. ಇದ್ದರೆ ಬೆರಳು ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಸರಿದಂತೆ. ಅಷ್ಟನ್ನು ಬೆರಳು ನಿಭಾಯಿಸುತ್ತದೆ. ಲೀಡ್ ಇನ್ನೂ ದುಪ್ಪಟ್ಟಾದರೆ ನಿಭಾಯಿಸುವುದು ಕಷ್ಟ.

ಲೆನ್ಸ್ ತಿರುಗುತ್ತಾ ಮುಂದೆ ಬರಬಾರದು ಅನ್ನುವುದು ನನ್ನ ಎರಡನೇ ಹಟ. ಗಾಜು ಎಳ್ಳಷ್ಟು ಸೆಂಟರ್ ತಪ್ಪಿದ್ದರೂ ತಿರುಗಿದಾಗ ಚಿತ್ರ ಪಕ್ಕಕ್ಕೆ ಜರುಗುತ್ತದೆ. ಹಾಗಾಗಿ ಹೊರಗಿನ ರಿಂಗ್ ಇದ್ದಲ್ಲೇ ತಿರುಗಬೇಕು, ಲೆನ್ಸ್ ಕೂತ ಒಳಗಿನ ಬ್ಯಾರಲ್ (ಕೊಳವೆ) ನೇರ ಓಡಬೇಕು. ಬ್ಯಾರಲ್‌ಗೆ ಉದ್ದುದ್ದ ಒಂದು ತೋಡು ಹೊಡೆದು, ಬುಡದಿಂದ ಒಂದು ಹಿತ್ತಾಳೆ ಕೀ (ಚಿಕ್ಕ ಪಟ್ಟಿ) ಅದರಲ್ಲಿ ಕೂರಿಸಿದೆ. ಕೀ ಒಂದೇ ಸಾಕು. ಎರಡು ಹಾಕಿದರೆ ಒಂದಕ್ಕೊಂದು ಜಗ್ಗಾಡುತ್ತವೆ. ಆದರೆ ಆ ಒಂದನ್ನು ಫೈಲಿನಲ್ಲಿ ಉಜ್ಜಿ ಉಜ್ಜಿ ಕೂರಿಸಬೇಕು. ತೋಡಿನಲ್ಲಿ ಇರುವ ಸಡಿಲವೆಲ್ಲ ಫೋಕಸ್ ದಿಕ್ಕು ಬದಲಿಸಿದಾಗ ಚಿತ್ರದಲ್ಲಿ ಕಾಣುತ್ತದೆ.

ಲೇತ್ ಕೆಲಸ ಆಗಿದ್ದು ಕಪನೂರು ಇಂಡಸ್ಟ್ರಿಯಲ್ ಏರಿಯಾ ಕಡೆಯ ಒಂದು ಅಂಗಡಿಯಲ್ಲಿ. ಅಲ್ಲಿ ದಿನವಿಡೀ ದಾಲ್ ಮಿಲ್‌ಗಳ ಶಾಫ್ಟು, ಬುಷ್ (ಶಾಫ್ಟ್ ಕೂರುವ ಬಳೆ) ಬರುತ್ತವೆ. ನನ್ನ ಡ್ರಾಯಿಂಗ್ ನೋಡಿ ಮೇಸ್ತ್ರಿ ಕೇಳಿದರು (ಚೂಡಿ ಅಂದರೆ ಥ್ರೆಡ್): "ಒಂದ್ ರಿಂಗಿಗೆ ಆರ್ ಚೂಡಿ ಯಾಕ್ರಿ ಸರ? ಒಂದಾದ್ರ ಸಾಲಲ್ಲೇನ್ರಿ?" "ಇದೇ ಪಿಚ್‌ದಾಗ ಒಂದ್ ಹಾಕಿದ್ರ ನಾಲ್ಕೂವರಿ ಸುತ್ತ ತಿರಗಸ್ಬೇಕಾಗ್ತದ್ರಿ ಮೇಸ್ತ್ರಿ, ಅಷ್ಟೊತ್ತಿಗೆ ಹುಳ ಇರಂಗಿಲ್ಲ" ಅಂದೆ. ಅಷ್ಟು ಸಾಕಾಯಿತು ಅವರಿಗೆ. ಮುಂದಿನದೆಲ್ಲ ಅವರ ಕೈಚಳಕ.

ರಿಂಗಿಗೆ ಅವರ ಹತ್ತಿರವೇ ಇದ್ದ ಗನ್ ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ ತಗೊಂಡೆವು, ಬ್ಯಾರಲ್‌ಗೆ ಅಲ್ಯೂಮಿನಿಯಂ. ಎರಡೂ ಅಲ್ಯೂಮಿನಿಯಂ ಆದರೆ ಉಜ್ಜಿ ಉಜ್ಜಿ ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಡಿಸಲು ಬರುವುದಿಲ್ಲ. ಮೊದಲು ರಿಂಗಿನ ಒಳಗಿನ ಥ್ರೆಡ್ ಹಾಕಿದರು. ಹೊರಗಿನದನ್ನು ಅದಕ್ಕೆ ಹೊಂದಿಸುವುದು ಸುಲಭ, ಉಲ್ಟಾ ಕಷ್ಟ. ಲೇತನ್ನು 12 ಮಿ.ಮೀ. ಲೀಡ್‌ಗೆ ಗೇರ್ ಹಾಕಿ, ಬ್ಯಾಕ್ ಗೇರಿನಲ್ಲಿ ಆದಷ್ಟು ನಿಧಾನ ಓಡಿಸಿದರು. ಟೂಲು ಕೂತಿರುವ ಕಾಂಪೌಂಡ್ ಸ್ಲೈಡನ್ನು ಲೇತಿನ ಬೆಡ್‌ಗೆ ಸಮಾನಾಂತರ ತಿರುಗಿಸಿ, ಒಂದು ಥ್ರೆಡ್ ಮುಗಿದ ಮೇಲೆ 2 ಮಿ.ಮೀ. ಮುಂದಕ್ಕೆ, ಇನ್ನೊಂದು ಮುಗಿದ ಮೇಲೆ ಮತ್ತೆ 2 ಮಿ.ಮೀ. ಮುಂದಕ್ಕೆ. ಹೀಗೆ ಆರು. ಹ್ಯಾಂಡಲ್ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಬೇಕು, ಇಲ್ಲದಿದ್ದರೆ ಸ್ಲೈಡಿನ ಸಡಿಲ ಥ್ರೆಡ್ಡಿಗೆ ಇಳಿಯುತ್ತದೆ. ಹಾಫ್ ನಟ್ (ಟೂಲನ್ನು ಲೇತಿನ ಸ್ಕ್ರೂಗೆ ಜೋಡಿಸುವ ನಟ್) ಬಿಡುವಂತಿಲ್ಲ, ಮೋಟರನ್ನೇ ರಿವರ್ಸ್ ಮಾಡಿ ವಾಪಸ್ ತರಬೇಕು. ಟೂಲಿನ ಪಕ್ಕವನ್ನೂ ಜಾಸ್ತಿ ಇಳಿಜಾರಾಗಿ ಸಾಣೆ ಹಿಡಿಯಬೇಕು. ಇಷ್ಟು ಕಡಿದಾದ ಥ್ರೆಡ್‌ನಲ್ಲಿ ಸಾಮಾನ್ಯ ಟೂಲಿನ ಹಿಮ್ಮಡಿ ಉಜ್ಜುತ್ತದೆ.

ಆಮೇಲೆ ಎರಡನ್ನೂ ಬ್ರಾಸೊ (ಹಿತ್ತಾಳೆ ಪಾಲಿಷ್) ಹಚ್ಚಿ ಒಂದಕ್ಕೊಂದು ಓಡಿಸಿ ನುಣುಪು ಮಾಡಿದೆ, ಸೀಮೆಎಣ್ಣೆಯಲ್ಲಿ ತೊಳೆದೆ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಬಳಸಬೇಡಿ, ಅದರ ಕಣ ಅಲ್ಯೂಮಿನಿಯಂ ಒಳಗೆ ಹೂತುಕೊಂಡು ಸವೆಸುತ್ತಲೇ ಇರುತ್ತದೆ.

ಇನ್ನು ನಮ್ಮ ಬಿಸಿಲು. ಚಳಿಗಾಲದ ಬೆಳಿಗ್ಗೆಯಿಂದ ಮೇ ತಿಂಗಳ ಮಧ್ಯಾಹ್ನಕ್ಕೆ 30 ಡಿಗ್ರಿ ವ್ಯತ್ಯಾಸ ಸಲೀಸಾಗಿ ಬರುತ್ತದೆ. 50 ಮಿ.ಮೀ. ವ್ಯಾಸದಲ್ಲಿ ಅಲ್ಯೂಮಿನಿಯಂ ಅಷ್ಟಕ್ಕೆ 0.035 ಮಿ.ಮೀ. ಹಿಗ್ಗುತ್ತದೆ, ಗನ್ ಮೆಟಲ್ 0.027. ಎರಡರ ನಡುವಿನ ವ್ಯತ್ಯಾಸ ಗ್ರೀಸಿನ ಪದರದಲ್ಲೇ ಅಡಗುತ್ತದೆ. ಡೆಲ್ರಿನ್ (ಒಂದು ಗಟ್ಟಿ ಪ್ಲಾಸ್ಟಿಕ್) ಬ್ಯಾರಲ್ ಮಾಡಿದರೆ ಅದೇ ಬಿಸಿಲಿಗೆ 0.16 ಮಿ.ಮೀ. ಹಿಗ್ಗಿ ರಿಂಗಿನೊಳಗೆ ಬಿಗಿದುಕೊಳ್ಳುತ್ತದೆ. ತ್ರೀಡಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಅಂತೂ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತದೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸೂ ಬೇಡ. ಸೆಕೆಗೆ ಅದರ ಎಣ್ಣೆ ಬೇರ್ಪಟ್ಟು ಅಪರ್ಚರ್ ಬ್ಲೇಡುಗಳಿಗೆ ಹರಿಯುತ್ತದೆ. ರಿಪೇರಿಗೆ ಬರುವ ಎಷ್ಟೋ ಲೆನ್ಸ್‌ಗಳ ರೋಗ ಇದೇ. ಹೆಲಿಕಾಯ್ಡ್‌ಗೆಂದೇ ಸಿಗುವ ಅಂಟುಅಂಟಾದ ಡ್ಯಾಂಪಿಂಗ್ ಗ್ರೀಸನ್ನು ತೆಳ್ಳಗೆ ಸವರಿ, ಸಾಕು.

ಜೋಡಿಸುವಾಗ ಯಾವ ಸ್ಟಾರ್ಟ್ ಯಾವುದರಲ್ಲಿ ಹೊಕ್ಕಿತು ಅಂತ ಗೀರು ಹಾಕಿಟ್ಟುಕೊಳ್ಳಿ. ಆರರಲ್ಲಿ ಎಲ್ಲಿ ಬೇಕಾದರೂ ಹೊಗುತ್ತದೆ, ಆದರೆ ಒಂದು ತಪ್ಪಿದರೆ ಲೆನ್ಸ್ 2 ಮಿ.ಮೀ. ಆಚೀಚೆ ಆಗುತ್ತದೆ, ಅನಂತ ದೂರದ ಫೋಕಸ್ ಹೋಗುತ್ತದೆ. ಅದನ್ನು ಹೊಂದಿಸಲು ನಾನು ಮಾಳಿಗೆ ಮೇಲಿಂದ ದರ್ಗಾದ ಗುಮ್ಮಟ ನೋಡುತ್ತೇನೆ. 1 ಕಿ.ಮೀ. ದೂರದ ವಸ್ತುವಿಗೆ ಲೆನ್ಸ್ ಸರಿಯಬೇಕಾದ್ದು 0.0025 ಮಿ.ಮೀ., ಅದನ್ನು ಅನಂತವೇ ಅನ್ನಬಹುದು. ಗುಮ್ಮಟದ ಅಂಚು ಚುರುಕಾಗುವವರೆಗೆ ಬುಡದಲ್ಲಿ ತೆಳು ಹಿತ್ತಾಳೆ ಹಾಳೆಗಳನ್ನು ಇಡುತ್ತಾ ತೆಗೆಯುತ್ತಾ ಹೋದರೆ ಸರಿಯಾಗುತ್ತದೆ.

ಮೊಟ್ಟೆಯ ಫೋಟೋಗೆ ಮಾತ್ರ ಈ ರಿಂಗ್ ನೆಚ್ಚಬೇಡಿ. ವಸ್ತು ಇದ್ದಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಬರಬೇಕಾದರೆ ಲೆನ್ಸ್ 50 ಮಿ.ಮೀ. ಮುಂದೆ ಬರಬೇಕು. ಅದಕ್ಕೆ ಲೆನ್ಸ್ ಹಿಂದೆ 45 ಮಿ.ಮೀ. ಟ್ಯೂಬ್ ಹಾಕುತ್ತೇನೆ, ಉಳಿದದ್ದನ್ನು ರಿಂಗ್ ಕೊಡುತ್ತದೆ. ಆಗ ವಸ್ತುವಿನಿಂದ ಸೆನ್ಸರ್‌ವರೆಗಿನ ದೂರ 200 ಮಿ.ಮೀ., ಅದು ಈ ಲೆನ್ಸಿಗೆ ಸಾಧ್ಯವಿರುವ ಅತಿ ಕಡಿಮೆ ದೂರ. ಅಲ್ಲಿ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಆ ದೂರ ಬದಲಾಗುವುದು ಅರ್ಧ ಮಿ.ಮೀ. ಆಸುಪಾಸು ಮಾತ್ರ. ಚಿತ್ರ ದೊಡ್ಡದು ಸಣ್ಣದು ಆಗುತ್ತದೆ, ಫೋಕಸ್ ಸರಿಯುವುದೇ ಇಲ್ಲ ಅನ್ನಿ. ಹಾಗಾಗಿ ರಿಂಗಿನಲ್ಲಿ ಗಾತ್ರ ಹೊಂದಿಸಿ, ಇಡೀ ಕ್ಯಾಮೆರಾವನ್ನು ಸರಿಸುತ್ತೇನೆ. ಎಂ6 ಥ್ರೆಡ್ ರಾಡ್ ಹಾಕಿದ ಚಿಕ್ಕ ರೈಲು ಅದಕ್ಕಿದೆ, ಒಂದು ಸುತ್ತಿಗೆ 1 ಮಿ.ಮೀ. ಎಫ್ 8ರಲ್ಲಿ ಚುರುಕಾಗಿ ಕಾಣುವ ಆಳ ಸುಮಾರು 0.6 ಮಿ.ಮೀ., ಒಂದು ಮೊಟ್ಟೆ ಪೂರ್ತಿ ಹಿಡಿಸುತ್ತದೆ. ಎಫ್ 11ಕ್ಕೆ ಹೋಗುವುದಿಲ್ಲ. ಈ ದೂರದಲ್ಲಿ ಅದು ಎಫ್ 22ರಂತೆ, ಅಂದರೆ ತೀರಾ ಕಿರಿದಾದ ಕಿಂಡಿಯಂತೆ ವರ್ತಿಸಿ, ಮೊಟ್ಟೆಯ ಮೈಮೇಲಿನ ಸಣ್ಣ ಗೆರೆಗಳು ಮಸುಕಾಗುತ್ತವೆ.